ಮೊದಲು ಗುಣಾಕಾರ, ಆಮೇಲೆ ಮೆಟ್ರಿಕ್: ಎಫ್‌-ಮ್ಯಾನಿಫೋಲ್ಡ್‌ಗಳ ಜ್ಯಾಮಿತಿ

ಮ್ಯಾನಿಫೋಲ್ಡ್ ಎಂದರೆ ಪ್ರತಿ ಚಿಕ್ಕ ಚೂರಿನಲ್ಲೂ ನಿರ್ದೇಶಾಂಕಗಳಿಂದ ಗುರುತಿಸಬಹುದಾದ, ಮೇಲ್ಮೈಯಂಥ ನಯವಾದ ಅವಕಾಶ. ಅದರ ಪ್ರತಿ ಬಿಂದುವಿನಲ್ಲೂ ಒಂದು ಸ್ಪರ್ಶಕ ಅವಕಾಶ, ಅಂದರೆ ಆ ಬಿಂದುವಿನಿಂದ ಹೊರಡುವ ಸದಿಶಗಳ ಅವಕಾಶ, ಇರುತ್ತದೆ. ಅಲ್ಲಿನ ಸದಿಶಗಳನ್ನು ಕೂಡಬಹುದು, ಸಂಖ್ಯೆಯಿಂದ ಗುಣಿಸಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಆದರೆ ಎರಡು ಸದಿಶಗಳನ್ನು ಗುಣಿಸಿ ಅದೇ ಅವಕಾಶದ ಮೂರನೆಯ ಸದಿಶವನ್ನು ಪಡೆಯುವ ವ್ಯವಸ್ಥೆ ಅಲ್ಲಿ ತಾನಾಗಿ ಇರುವುದಿಲ್ಲ. ಹೊರಗಿನಿಂದ ಅಂಥದೊಂದು ಗುಣಾಕಾರವನ್ನು ತಂದಿಟ್ಟರೆ ಏನಾಗುತ್ತದೆ? ಅದು ಪರಿವರ್ತನೀಯ, ಸಹವರ್ತನೀಯ ಆಗಿರಬೇಕು, ಅದಕ್ಕೊಂದು ಅನನ್ಯತಾಂಶ ಇರಬೇಕು, ಬಿಂದುವಿನಿಂದ ಬಿಂದುವಿಗೆ ಅದು ನಯವಾಗಿ ಬದಲಾಗಬೇಕು. ಈ ಪ್ರಶ್ನೆಗೆ ಮೊದಲ ಸಮಗ್ರ ಉತ್ತರ ಕೊಟ್ಟವರು ಬೋರಿಸ್ ಡುಬ್ರೊವಿನ್. 1990ರ ದಶಕದ ಆರಂಭದಲ್ಲಿ ಅವರು ರೂಪಿಸಿದ ಫ್ರೊಬೇನಿಯಸ್ ಮ್ಯಾನಿಫೋಲ್ಡ್‌ನಲ್ಲಿ ಗುಣಾಕಾರದ ಜೊತೆಗೇ ಒಂದು ಸಪಾಟು ಮೆಟ್ರಿಕ್ (ಸದಿಶಗಳ ಜೋಡಿಗೆ ಸಂಖ್ಯೆ ಕೊಡುವ, ತಕ್ಕ ನಿರ್ದೇಶಾಂಕಗಳಲ್ಲಿ ಘಟಕಗಳೆಲ್ಲ ಸ್ಥಿರಾಂಕಗಳಾಗುವ ಅಳತೆ) ಕೂಡ ಇತ್ತು. 1999ರಲ್ಲಿ ಕ್ಲೌಸ್ ಹರ್ಟ್ಲಿಂಗ್ ಮತ್ತು ಯೂರಿ ಮಾನಿನ್ ಆ ಮೆಟ್ರಿಕ್ ಅನ್ನು ಕೈಬಿಟ್ಟು, ಗುಣಾಕಾರ ಮಾತ್ರ ಪಾಲಿಸಬೇಕಾದ ಒಂದು ನಿಯಮವನ್ನು ಮುಂದಿಟ್ಟರು. ಅದನ್ನು ಪಾಲಿಸುವ ಮ್ಯಾನಿಫೋಲ್ಡ್‌ಗಳಿಗೆ ಎಫ್‌-ಮ್ಯಾನಿಫೋಲ್ಡ್ ಎಂದು ಹೆಸರಾಯಿತು.

ಆಗ ಅದು ಫ್ರೊಬೇನಿಯಸ್ ರಚನೆಯ ದುರ್ಬಲ ರೂಪ ಎಂದೇ ಕಂಡಿತ್ತು. ಈಗ ಹಾಗೆ ಹೇಳುವುದು ಕಷ್ಟ. ಕಳೆದ ಒಂದೂವರೆ ದಶಕದಲ್ಲಿ ಈ ಕ್ಷೇತ್ರದಲ್ಲಿ ನಡೆದ ಕೆಲಸದ ದೊಡ್ಡ ಪಾಲು ಮೆಟ್ರಿಕ್ ಇಲ್ಲದ, ಇರಲು ಸಾಧ್ಯವೇ ಇಲ್ಲದ ಉದಾಹರಣೆಗಳದ್ದು. ಮೆಟ್ರಿಕ್ ಅನ್ನು ಬುನಾದಿ ಎಂದುಕೊಂಡು ಹೊರಟರೆ ಈ ಉದಾಹರಣೆಗಳು ವಿಚಿತ್ರವಾಗಿ ಕಾಣುತ್ತವೆ. ಗುಣಾಕಾರವೇ ಬುನಾದಿ, ಉಳಿದದ್ದು ಅದರ ಮೇಲೆ ಆಯ್ಕೆ ಮಾಡಿಕೊಳ್ಳುವ ರಚನೆ ಎಂದುಕೊಂಡರೆ ಎಲ್ಲವೂ ತಂತಮ್ಮ ಜಾಗದಲ್ಲಿ ಕೂರುತ್ತವೆ. ಅದು ಹೇಗೆಂದು ಲೆಕ್ಕ ಮಾಡಿಯೇ ನೋಡೋಣ. ಎಲ್ಲ ಲೆಕ್ಕವೂ ಸಂಕೀರ್ಣ ಸಂಖ್ಯೆಗಳ ಮೇಲೆ.

ಗುಣಾಕಾರ ಸುಲಭ, ಹೊಂದಾಣಿಕೆ ಅಪರೂಪ

ಪ್ರತಿ ಬಿಂದುವಿನಲ್ಲಿ ಗುಣಾಕಾರವೊಂದನ್ನು ಹುಟ್ಟಿಸುವುದು ಏನೂ ಕಷ್ಟವಲ್ಲ. ಎರಡು ಆಯಾಮದಲ್ಲಿ, ಎಲ್ಲೂ ಒಂದೇ ಗೆರೆಯ ಮೇಲೆ ಬೀಳದ ಎರಡು ಸದಿಶ ಕ್ಷೇತ್ರಗಳನ್ನು ತೆಗೆದುಕೊಳ್ಳಿ. ಅವನ್ನು ಪ₁, ಪ₂ ಎನ್ನೋಣ. ಪ₁∘ಪ₁ = ಪ₁, ಪ₂∘ಪ₂ = ಪ₂, ಪ₁∘ಪ₂ = 0 ಎಂದು ಘೋಷಿಸಿಬಿಡಿ. ಪರಿವರ್ತನೀಯತೆ, ಸಹವರ್ತನೀಯತೆ ಎರಡೂ ತಾವಾಗಿ ಬರುತ್ತವೆ; ಅನನ್ಯತಾಂಶ ಪ₁ + ಪ₂. ಹೀಗೆ ತನ್ನ ವರ್ಗಕ್ಕೆ ತಾನೇ ಸಮನಾದ ಸದಿಶಕ್ಕೆ ಐಡೆಂಪೊಟೆಂಟ್ ಎನ್ನುತ್ತಾರೆ. ಪೂರ್ತಿ ಅವಕಾಶವೇ ಐಡೆಂಪೊಟೆಂಟ್‌ಗಳಾಗಿ ಒಡೆದರೆ ಆ ಬಿಂದು ಸೆಮಿಸಿಂಪಲ್.

ಈಗ ನಿರ್ದೇಶಾಂಕಗಳು ಯ, ರ ಆಗಿರಲಿ; ಪ₁ = ∂ಯ, ಪ₂ = (1+ಯ)∂ರ ಎಂದು ಆರಿಸಿ (∂ಯ ಎಂದರೆ ಯ ದಿಕ್ಕಿನ ಆಧಾರ ಸದಿಶ). ಮೂಲಬಿಂದುವಿನ ಸುತ್ತ ಬಿಂದುವಾರು ನೋಡಿದರೆ ಇದರಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದರೆ ಲೀ ಬ್ರಾಕೆಟ್ (ಎರಡು ಕ್ಷೇತ್ರಗಳ ಉದ್ದಕ್ಕೂ ಅವಕಲಿಸುವ ಕ್ರಮ ಅದಲುಬದಲಾದರೆ ಬರುವ ವ್ಯತ್ಯಾಸ) ತೆಗೆದರೆ [ಪ₁, ಪ₂] = ∂ರ, ಸೊನ್ನೆಯಲ್ಲ. ಹಾಗಾಗಿ ಪ₁, ಪ₂ ಎರಡನ್ನೂ ಒಟ್ಟಿಗೆ ನಿರ್ದೇಶಾಂಕ ದಿಕ್ಕುಗಳಾಗಿ ಮಾಡಬಲ್ಲ ನಿರ್ದೇಶಾಂಕಗಳೇ ಇಲ್ಲ. ಪಕ್ಕಪಕ್ಕದ ಬಿಂದುಗಳ ಗುಣಾಕಾರಗಳ ನಡುವೆ ಹೊಂದಾಣಿಕೆ ಇಲ್ಲ. ಎಫ್‌-ಮ್ಯಾನಿಫೋಲ್ಡಿನ ನಿಯಮ ತಡೆಯುವುದು ಇದನ್ನೇ. ಸೆಮಿಸಿಂಪಲ್ ಬಿಂದುಗಳಲ್ಲಿ ಆ ನಿಯಮದ ಅರ್ಥ ಇಷ್ಟೇ: ಐಡೆಂಪೊಟೆಂಟ್ ಕ್ಷೇತ್ರಗಳ ಬ್ರಾಕೆಟ್ ಸೊನ್ನೆಯಾಗಬೇಕು. ಆದಾಗ ಅವುಗಳಿಂದ ಸಿಗುವ ನಿರ್ದೇಶಾಂಕಗಳಿಗೆ ಕ್ಯಾನೊನಿಕಲ್ ನಿರ್ದೇಶಾಂಕ ಎಂಬ ಹೆಸರಿದೆ.

ಸೆಮಿಸಿಂಪಲ್ ಅಲ್ಲದ ಕಡೆಯೂ ನಡೆಯುವ ಸಾಮಾನ್ಯ ರೂಪ ಹೀಗಿದೆ. ಸದಿಶ ಕ್ಷೇತ್ರ ಕ ಉದ್ದಕ್ಕೂ ಹರಿದಾಗ ಗುಣಾಕಾರ ಎಷ್ಟು ಬದಲಾಗುತ್ತದೆ ಎಂಬುದನ್ನು ಹೀಗೆ ಅಳೆಯಬಹುದು:

ಬ(ಕ)(ಗ, ಘ) = [ಕ, ಗ∘ಘ] − [ಕ, ಗ]∘ಘ − ಗ∘[ಕ, ಘ].

ಹರ್ಟ್ಲಿಂಗ್‌–ಮಾನಿನ್ ನಿಯಮ: ಬ(ಕ∘ಖ) = ಕ∘ಬ(ಖ) + ಖ∘ಬ(ಕ). ಗುಣಲಬ್ಧದ ಅವಕಲನಕ್ಕೆ ಇರುವ ನಿಯಮದ ರೂಪವೇ ಇಲ್ಲೂ ಇದೆ. ಎರಡೂ ಬದಿಗಳ ವ್ಯತ್ಯಾಸ ಟೆನ್ಸರ್ (ಆಯಾ ಬಿಂದುವಿನ ಸದಿಶಗಳನ್ನು ಮಾತ್ರ ಅವಲಂಬಿಸುವ ರಾಶಿ) ಆಗಿರುವುದರಿಂದ ಆಧಾರ ಸದಿಶಗಳ ಮೇಲೆ ಪರೀಕ್ಷಿಸಿದರೆ ಸಾಕು.

ಪರೀಕ್ಷಿಸಬೇಕಾದ ಸಮೀಕರಣಗಳು ಎಷ್ಟು? ಇದನ್ನು ಮೊದಲೇ ಎಣಿಸಿಕೊಂಡರೆ ಬಹಳ ಶ್ರಮ ಉಳಿಯುತ್ತದೆ. ಆ ವ್ಯತ್ಯಾಸದಲ್ಲಿ ಕ, ಖ ಅದಲುಬದಲಾದರೆ ಏನೂ ಬದಲಾಗದು; ಗ, ಘ ಅದಲುಬದಲಾದರೂ ಅಷ್ಟೇ. ಆದರೆ (ಕ, ಖ) ಜೋಡಿಯನ್ನೇ (ಗ, ಘ) ಜೋಡಿಯ ಜಾಗಕ್ಕೆ ಕಳಿಸಿದರೆ ಚಿಹ್ನೆ ತಿರುಗುತ್ತದೆ. ಮೂರು ಆಯಾಮದಲ್ಲಿ 6 ಜೋಡಿಗಳು, ಅವುಗಳ ನಡುವೆ 15 ಹೋಲಿಕೆಗಳು, ಒಂದೊಂದಕ್ಕೆ 3 ಘಟಕಗಳು: ಒಟ್ಟು 45. ಈಗ ಅನನ್ಯತಾಂಶ ಕ್ಷೇತ್ರ ಇ ಯನ್ನು ಎರಡೂ ಸ್ಥಾನದಲ್ಲಿಡಿ. ಇ∘ಇ = ಇ ಆದ್ದರಿಂದ ಬ(ಇ) = 2ಬ(ಇ), ಅಂದರೆ ಬ(ಇ) = 0. ಇದೊಂದು ಪೂರೈಸಿದರೆ ಇ ಸೇರಿರುವ ಜೋಡಿಗಳೆಲ್ಲ ತಾವಾಗಿ ಸರಿಹೋಗುತ್ತವೆ. ಉಳಿಯುವುದು 3 ಜೋಡಿಗಳು, 3 ಹೋಲಿಕೆಗಳು, 9 ಸಮೀಕರಣಗಳು. ಎರಡು ಆಯಾಮದಲ್ಲಿ ಉಳಿಯುವುದು ಒಂದೇ ಜೋಡಿ, ಹೋಲಿಸಲು ಇನ್ನೊಂದಿಲ್ಲ. ಹಾಗಾಗಿ ಅಲ್ಲಿ ಬ(ಇ) = 0 ಎಂಬುದೇ ಪೂರ್ತಿ ನಿಯಮ. ಇ = ∂₁ ಆಗಿ, ∂₂∘∂₂ = ಜ∂₁ + ಹ∂₂ ಆದರೆ, ಜ ಮತ್ತು ಹ ಎರಡೂ ತ₂ ಒಂದನ್ನೇ ಅವಲಂಬಿಸಿರಬೇಕು. ∂₂∘∂₂ = ತ₁∂₁ ಎಂದು ಬರೆದರೆ ಪ್ರತಿ ಬಿಂದುವಿನಲ್ಲೂ ಚೆಂದದ ಗುಣಾಕಾರವೇ ಸಿಗುತ್ತದೆ, ಆದರೆ ಎಫ್‌-ಮ್ಯಾನಿಫೋಲ್ಡ್ ಸಿಗುವುದಿಲ್ಲ.

ಕಂಪ್ಯೂಟರ್ ಬಳಸುವವರಿಗೆ ಇನ್ನೂ ಸೊಗಸಾದ ದಾರಿಯೊಂದಿದೆ. ಆಧಾರ ಸದಿಶ ∂₁, ∂₂, … ಗಳನ್ನು ಕೋ-ಟ್ಯಾಂಜೆಂಟ್ ಬಂಡಲ್ಲಿನ (ಸ್ಥಾನ, ಸಂವೇಗ ಎರಡೂ ಸೇರಿದ ಅವಕಾಶದ) ಸಂವೇಗ ನಿರ್ದೇಶಾಂಕ ಮ₁, ಮ₂, … ಎಂದು ಓದಿ. ಗುಣಾಕಾರದ ಕೋಷ್ಟಕವು ಬಹುಪದೋಕ್ತಿಗಳ ಒಂದು ಐಡಿಯಲ್ (ಒಳಗಿನವನ್ನು ಕೂಡಿದರೂ, ಯಾವ ಬಹುಪದೋಕ್ತಿಯಿಂದ ಗುಣಿಸಿದರೂ ಒಳಗೇ ಉಳಿಯುವ ಗಣ) ಆಗುತ್ತದೆ. ಆ ಐಡಿಯಲ್‌ನ ಯಾವ ಎರಡು ಅಂಶಗಳ ಪ್ವಾಸಾನ್ ಬ್ರಾಕೆಟ್ (ಸ್ಥಾನ ಮತ್ತು ಸಂವೇಗಗಳ ಅವಕಲನಗಳಿಂದ ಕಟ್ಟುವ ಬ್ರಾಕೆಟ್) ತೆಗೆದರೂ ಫಲಿತಾಂಶ ಅದೇ ಐಡಿಯಲ್ ಒಳಗೆ ಬೀಳಬೇಕು. ಎಫ್‌-ಮ್ಯಾನಿಫೋಲ್ಡ್ ನಿಯಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮೇಲಿನ ಎರಡು ಆಯಾಮದ ಉದಾಹರಣೆಯಲ್ಲಿ ಐಡಿಯಲ್ ಹುಟ್ಟುವುದು ಮ₁ − 1 ಮತ್ತು ಮ₂² − ಜ − ಹಮ₂ ಎಂಬ ಎರಡರಿಂದ. ಇವುಗಳ ಬ್ರಾಕೆಟ್, ಚಿಹ್ನೆ ಬಿಟ್ಟರೆ, ∂₁ಜ + (∂₁ಹ)ಮ₂. ಇದರಲ್ಲಿ ಮ₂ರ ಘಾತ 1 ಮಾತ್ರ. ಐಡಿಯಲ್ ಒಳಗೆ ಬೀಳಬೇಕಾದರೆ ಎರಡೂ ಗುಣಾಂಕಗಳು ಸೊನ್ನೆಯಾಗಲೇಬೇಕು. ಸಿಕ್ಕಿದ್ದು ಅದೇ ಉತ್ತರ. ಗ್ರೋಬ್ನರ್ ಬೇಸಿಸ್ (ಬಹುಪದೋಕ್ತಿಯೊಂದು ಐಡಿಯಲ್ ಒಳಗಿದೆಯೇ ಎಂದು ನೋಡುವ ಸಾಧನ) ತಿಳಿದ ಯಾವ ಸಾಫ್ಟ್‌ವೇರ್ ಆದರೂ ಈ ಪರೀಕ್ಷೆ ಮಾಡುತ್ತದೆ, ಐಡೆಂಪೊಟೆಂಟ್‌ಗಳನ್ನು ಹುಡುಕುವ ಗೋಜೇ ಇಲ್ಲ. ಆಯಾಮ 5 ಅಥವಾ ಹೆಚ್ಚಾದಾಗ ಇದರ ಬೆಲೆ ಗೊತ್ತಾಗುತ್ತದೆ: ಅಲ್ಲಿ ಐಡೆಂಪೊಟೆಂಟ್‌ಗಳನ್ನು ಬರೆಯಲು 5ನೇ ಘಾತದ ಅಥವಾ ಅದಕ್ಕೂ ಮೇಲಿನ ಸಮೀಕರಣಗಳ ಮೂಲಗಳು ಬೇಕಾಗುತ್ತವೆ, ಅವಕ್ಕೆ ಸಾಮಾನ್ಯ ಸೂತ್ರವಿಲ್ಲ.

ಒಂದು ಘನ ಬಹುಪದೋಕ್ತಿ ಮತ್ತು ಅದರ ಕಾಸ್ಟಿಕ್

ಇಂಥ ಗುಣಾಕಾರಗಳ ಹಳೆಯ ತವರು ಸಿಂಗ್ಯುಲಾರಿಟಿ ಸಿದ್ಧಾಂತ, ಅಂದರೆ ಫಲನಗಳ ಕ್ರಿಟಿಕಲ್ ಬಿಂದುಗಳ (ಅವಕಲನ ಸೊನ್ನೆಯಾಗುವ ಬಿಂದುಗಳ) ಅಧ್ಯಯನ. ಡುಬ್ರೊವಿನ್‌ಗಿಂತ ಮೊದಲೇ ಕ್ಯೋಜಿ ಸೈಟೊ ಅಲ್ಲಿ ಸಪಾಟು ರಚನೆಗಳನ್ನು ಕಂಡುಕೊಂಡಿದ್ದರು. ಅತಿ ಚಿಕ್ಕ ಉದಾಹರಣೆಯನ್ನೇ ಪೂರ್ತಿ ಬಿಡಿಸೋಣ. ಚರ ಯ ಇರುವ ಬಹುಪದೋಕ್ತಿ

ಯ³/3 + ತ₂ಯ + ತ₁.

ಇಲ್ಲಿ ತ₁, ತ₂ ಮ್ಯಾನಿಫೋಲ್ಡಿನ ನಿರ್ದೇಶಾಂಕಗಳು. ತ₁ ದಿಕ್ಕಿನಲ್ಲಿ ಸರಿದರೆ ಬಹುಪದೋಕ್ತಿಗೆ 1 ಸೇರುತ್ತದೆ, ತ₂ ದಿಕ್ಕಿನಲ್ಲಿ ಸರಿದರೆ ಯ ಸೇರುತ್ತದೆ. ಆದ್ದರಿಂದ ∂₁ಕ್ಕೆ 1, ∂₂ಕ್ಕೆ ಯ ಎಂದು ಹೊಂದಿಸಿ, ಬಹುಪದೋಕ್ತಿಯ ಅವಕಲನ ಯ² + ತ₂ ಸೊನ್ನೆ ಎಂದಿಟ್ಟುಕೊಂಡು ಗುಣಿಸಿ. ಯ·ಯ = −ತ₂, ಹಾಗಾಗಿ ∂₂∘∂₂ = −ತ₂∂₁. ಬಲಬದಿಯಲ್ಲಿ ತ₁ ಇಲ್ಲ, ನಿಯಮ ಪಾಲನೆಯಾಯಿತು.

ತ₂ ಸೊನ್ನೆಯಲ್ಲದ ಕಡೆ ಐಡೆಂಪೊಟೆಂಟ್‌ಗಳು ½(∂₁ ± ∂₂/√(−ತ₂)). ಕ್ಯಾನೊನಿಕಲ್ ನಿರ್ದೇಶಾಂಕಗಳು ಬಹುಪದೋಕ್ತಿಯ ಕ್ರಿಟಿಕಲ್ ಮೌಲ್ಯಗಳೇ: ತ₁ ∓ ⅔(−ತ₂)^(3/2). ತ₂ = 0 ಎಂಬ ಗೆರೆಯಲ್ಲಿ ಎರಡು ಕ್ರಿಟಿಕಲ್ ಬಿಂದುಗಳು ಒಂದಾಗುತ್ತವೆ. ಅಲ್ಲಿ ∂₂∘∂₂ = 0, ಬೀಜಗಣಿತ ಒಡೆಯುವುದಿಲ್ಲ, ಸೆಮಿಸಿಂಪಲ್ ಗುಣ ಕಳೆದುಹೋಗುತ್ತದೆ. ಇಂಥ ಬಿಂದುಗಳ ಗಣಕ್ಕೆ ಕಾಸ್ಟಿಕ್ ಎಂದು ಹೆಸರು.

ಕಾಸ್ಟಿಕ್ ಹತ್ತಿರ ಸಂಖ್ಯೆಗಳು ಹೇಗೆ ಕೆಡುತ್ತವೆ ನೋಡಿ. ತ₂ = −0.0001 ಎಂದಿರಲಿ. ಗುಣಾಕಾರದ ಕೋಷ್ಟಕದಲ್ಲಿ ಏನೂ ಏರುಪೇರಿಲ್ಲ. ಅಲ್ಲಿರುವ ಅತಿ ಚಿಕ್ಕ ಸಂಖ್ಯೆ 0.0001 ಅಷ್ಟೇ. ಆದರೆ √0.0001 = 0.01, ಆದ್ದರಿಂದ ಐಡೆಂಪೊಟೆಂಟ್‌ಗಳ ಎರಡನೆಯ ಘಟಕ ±50. ಎರಡು ಕ್ಯಾನೊನಿಕಲ್ ನಿರ್ದೇಶಾಂಕಗಳ ಅಂತರವೋ 4/3 × 10⁻⁶. ತ₁ ದೊಡ್ಡ ಸಂಖ್ಯೆಯಾಗಿದ್ದರೆ ಈ ವ್ಯತ್ಯಾಸ ದಶಮಾಂಶಗಳ ಬಾಲದಲ್ಲಿ ಅಳಿಸಿಹೋಗುತ್ತದೆ. ಮೇಲಾಗಿ, ತ₂ ಸೊನ್ನೆಯ ಸುತ್ತ ಒಂದು ಸುತ್ತು ಬಂದರೆ (−ತ₂)^(3/2) ಚಿಹ್ನೆ ಬದಲಿಸುತ್ತದೆ, ಎರಡು ನಿರ್ದೇಶಾಂಕಗಳು ಪರಸ್ಪರ ಜಾಗ ಬದಲಾಯಿಸಿಕೊಳ್ಳುತ್ತವೆ. ಸಂಖ್ಯಾತ್ಮಕ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೂ ಐಗನ್ ಮೌಲ್ಯಗಳನ್ನು (ಇಲ್ಲಿ ಈ ನಿರ್ದೇಶಾಂಕಗಳನ್ನು) ಗಾತ್ರದ ಪ್ರಕಾರ ಜೋಡಿಸುವ ಪ್ರೋಗ್ರಾಂಗಳು ಇಲ್ಲೇ ಎಡವುತ್ತವೆ: ಹಿಂದಿನ ಹೆಜ್ಜೆಯ ಮೊದಲನೆಯದು ಈ ಹೆಜ್ಜೆಯ ಎರಡನೆಯದಾಗಿ, ಫಲಿತಾಂಶದಲ್ಲಿ ಇಲ್ಲದ ಜಿಗಿತವೊಂದು ಕಾಣಿಸಿಕೊಳ್ಳುತ್ತದೆ. ಕ್ಯಾನೊನಿಕಲ್ ನಿರ್ದೇಶಾಂಕಗಳು ಪ್ರಮೇಯ ಸಾಧಿಸಲು ಅತ್ಯುತ್ತಮ. ಕಾಸ್ಟಿಕ್ ದಾಟುವ ಲೆಕ್ಕಕ್ಕೆ ಖಂಡಿತ ಅಲ್ಲ.

ಎರಡು ಆಯಾಮದಲ್ಲಿ ಚಿತ್ರ ಪೂರ್ತಿ ತಿಳಿದಿದೆ. ಒಡೆಯದ ಪ್ರತಿಯೊಂದು ಸ್ಥಳೀಯ ರಚನೆಯೂ, ತಕ್ಕ ನಿರ್ದೇಶಾಂಕಗಳಲ್ಲಿ, ∂₂∘∂₂ = ತ₂^(ಮ−2)∂₁ ಎಂಬ ರೂಪದ್ದು, ಇಲ್ಲಿ ಮ = 3, 4, 5, …; ಅಥವಾ ∂₂∘∂₂ = 0. ಮೇಲಿನ ಘನ ಬಹುಪದೋಕ್ತಿ ಕೊಟ್ಟದ್ದು ಮ = 3. ಇನ್ನು ದೊಡ್ಡ ಆಯಾಮಗಳಲ್ಲಿ ಒಂದು ಬಿಂದುವಿನ ಬೀಜಗಣಿತ ಚೂರುಗಳಾಗಿ ಒಡೆದರೆ, ಆ ಬಿಂದುವಿನ ಸುತ್ತಲ ಮ್ಯಾನಿಫೋಲ್ಡ್ ಕೂಡ ಅದೇ ರೀತಿ ಚಿಕ್ಕ ಎಫ್‌-ಮ್ಯಾನಿಫೋಲ್ಡ್‌ಗಳ ಗುಣಲಬ್ಧವಾಗಿ ಒಡೆಯುತ್ತದೆ. ಮೆಟ್ರಿಕ್‌ನ ಹಂಗಿಲ್ಲದೆ, ಗುಣಾಕಾರದ ನಿಯಮ ಒಂದರಿಂದಲೇ ಬರುವ ಫಲ ಇದು. ಇಡೀ ವಿಷಯದಲ್ಲಿ ಇದಕ್ಕಿಂತ ಬಲವಾದ ಸ್ಥಳೀಯ ಫಲಿತಾಂಶ ಇಲ್ಲವೆಂದೇ ಹೇಳಬೇಕು.

ಮೆಟ್ರಿಕ್ ಬಂದಾಗ ಸಿಗುವುದೇನು

ಮೆಟ್ರಿಕ್ ಅನ್ನು ಕಡೆಗಣಿಸಬೇಕೆಂದಲ್ಲ. ಅದು ಇದ್ದಾಗ ಸಿಗುವ ಲಾಭ ಅಪಾರ. ಸಪಾಟು ಮೆಟ್ರಿಕ್ ಇದ್ದು, ಗುಣಾಕಾರ ಅದರೊಂದಿಗೆ ಹೊಂದಿಕೊಂಡರೆ, ಎಲ್ಲ ಮಾಹಿತಿಯೂ ವಿಭವ ಎಂಬ ಒಂದೇ ಫಲನದೊಳಗೆ ಅಡಗುತ್ತದೆ. ಆ ಫಲನದ ಮೂರನೆಯ ಆಂಶಿಕ ಅವಕಲನಗಳೇ ಗುಣಾಕಾರದ ಗುಣಾಂಕಗಳು. ಆಗ ಸಹವರ್ತನೀಯತೆ ಎಂಬುದು ಆ ಫಲನದ ಮೇಲಿನ ಅರೇಖೀಯ ಸಮೀಕರಣವಾಗುತ್ತದೆ. 1990–91ರ ಸುಮಾರಿಗೆ ಟೊಪೊಲಾಜಿಕಲ್ ಕ್ಷೇತ್ರ ಸಿದ್ಧಾಂತದಲ್ಲಿ ಇದನ್ನು ಕಂಡವರು ಎಡ್ವರ್ಡ್ ವಿಟ್ಟನ್, ರಾಬರ್ಟ್ ಡೈಕ್‌ಗ್ರಾಫ್, ಎರಿಕ್ ವರ್ಲಿಂಡೆ ಮತ್ತು ಹರ್ಮನ್ ವರ್ಲಿಂಡೆ. ಅವರ ಹೆಸರುಗಳ ಮೊದಲಕ್ಷರಗಳಿಂದ ಡಬ್ಲ್ಯುಡಿವಿವಿ ಸಮೀಕರಣ ಎಂದೇ ಅದು ಪ್ರಸಿದ್ಧ.

ಮೂರು ಆಯಾಮದಲ್ಲಿ, ವಿಭವ ತ₁²ರ/2 + ತ₁ಯ²/2 + ಲ(ಯ, ರ) ಎಂಬ ರೂಪದಲ್ಲಿದ್ದರೆ, ಇಡೀ ಸಹವರ್ತನೀಯತೆ ಒಂದೇ ಸಮೀಕರಣಕ್ಕೆ ಇಳಿಯುತ್ತದೆ. ಯಾವ ಚರಗಳಿಂದ ಅವಕಲಿಸಿದ್ದೇವೆ ಎಂಬುದನ್ನು ಚೌಕ ಕಂಸದಲ್ಲಿ ಬರೆದರೆ

ಲ[ಯಯರ]² = ಲ[ರರರ] + ಲ[ಯಯಯ]·ಲ[ಯರರ].

ಲ = ಯ²ರ²/4 + ರ⁵/60 ಎಂದಿಟ್ಟು ನೋಡಿ. ಎಡಬದಿ ರ². ಬಲಬದಿಯಲ್ಲಿ ಲ[ರರರ] = ರ², ಲ[ಯಯಯ] = 0. ಸರಿಹೋಯಿತು. 60ರ ಬದಲು ಬೇರೆ ಯಾವ ಸಂಖ್ಯೆ ಬರೆದರೂ ಸರಿಹೋಗದು. ಸಹವರ್ತನೀಯತೆ ಎಷ್ಟು ಬಿಗಿಯಾದ ಷರತ್ತು ಎಂಬುದಕ್ಕೆ ಈ ಒಂದು ಸಂಖ್ಯೆಯೇ ಸಾಕು.

ಇದೇ ಸಮೀಕರಣದ ಅತ್ಯಂತ ಹೆಸರಾದ ಫಲ ಎಣಿಕೆಯ ಜ್ಯಾಮಿತಿಯಲ್ಲಿದೆ. ಸಂಕೀರ್ಣ ಪ್ರಕ್ಷೇಪ ಸಮತಲದಲ್ಲಿ 3ನ−1 ಸಾಮಾನ್ಯ ಬಿಂದುಗಳ ಮೂಲಕ ಹಾಯುವ, ಘಾತ ನ ಇರುವ ರ‍್ಯಾಶನಲ್ ವಕ್ರರೇಖೆಗಳು (ಒಂದೇ ಪ್ಯಾರಾಮೀಟರಿನ ಬಹುಪದೋಕ್ತಿಗಳಿಂದ ಬರೆಯಬಹುದಾದವು) ಎಷ್ಟು? ಆ ಸಂಖ್ಯೆಯನ್ನು ಎ(ನ) ಎನ್ನೋಣ. ಎರಡು ಬಿಂದುಗಳ ಮೂಲಕ ಒಂದೇ ಸರಳರೇಖೆ, ಎ(1) = 1. ಈ ಸಂಖ್ಯೆಗಳನ್ನು ಗುಣಾಂಕಗಳಾಗಿಟ್ಟು ಕ್ವಾಂಟಮ್ ಕೊಹಾಮಾಲಜಿಯ (ಇಂಥ ಎಣಿಕೆಗಳಿಂದ ಕಟ್ಟುವ ಗುಣಾಕಾರದ) ವಿಭವ ಬರೆದು, ಸಹವರ್ತನೀಯತೆಯನ್ನು ಒತ್ತಾಯಿಸಿದರೆ, ಮಕ್ಸಿಮ್ ಕೊಂಟ್ಸೆವಿಚ್ ಕಂಡುಕೊಂಡ ಪುನರಾವರ್ತನೆ ಸೂತ್ರ ಹೊರಬರುತ್ತದೆ. ಪ + ಫ = ನ ಆಗುವ ಪ್ರತಿ ಧನ ಪೂರ್ಣಾಂಕ ಜೋಡಿಗೂ

ಎ(ಪ)·ಎ(ಫ)·[ಪ²ಫ²·ವಿ(3ನ−4, 3ಪ−2) − ಪ³ಫ·ವಿ(3ನ−4, 3ಪ−1)]

ಎಂಬುದನ್ನು ಲೆಕ್ಕ ಹಾಕಿ ಎಲ್ಲವನ್ನೂ ಕೂಡಿದರೆ ಎ(ನ). ಇಲ್ಲಿ ವಿ(ಅ, ಆ) ಎಂದರೆ ಅ ವಸ್ತುಗಳಿಂದ ಆ ವಸ್ತುಗಳನ್ನು ಆರಿಸುವ ವಿಕಲ್ಪಗಳ ಸಂಖ್ಯೆ. ನ = 2ಕ್ಕೆ: 1·2 − 1·1 = 1; ಐದು ಬಿಂದುಗಳ ಮೂಲಕ ಒಂದೇ ಶಂಕುಜ. ನ = 3ಕ್ಕೆ (1, 2) ಜೋಡಿ ಕೊಡುವುದು 20 − 20 = 0, (2, 1) ಕೊಡುವುದು 20 − 8 = 12; ಒಟ್ಟು 12. ನ = 4ಕ್ಕೆ (1, 3) ಕೊಡುವುದು 12 × (72 − 84) = −144, (2, 2) ಕೊಡುವುದು 16 × (70 − 56) = 224, (3, 1) ಕೊಡುವುದು 12 × (72 − 27) = 540; ಒಟ್ಟು 620. ಜೋಡಿಗಳಿಗೆ ಕ್ರಮವಿದೆ ಎಂಬುದನ್ನು ಮರೆತು (1, 3) ಮತ್ತು (3, 1) ಒಂದೇ ಎಂದುಕೊಳ್ಳುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಒಂದು −144, ಇನ್ನೊಂದು 540. 12 ಮತ್ತು 620 ಹತ್ತೊಂಬತ್ತನೆಯ ಶತಮಾನದ ಜ್ಯಾಮಿತಿಕಾರರು ಕಷ್ಟಪಟ್ಟು ಪಡೆದ ಸಂಖ್ಯೆಗಳು. ಸೂತ್ರ ಸಿಕ್ಕ ಮೇಲೆ 87304, 26312976 ಎಂದು ಮುಂದಿನವೂ ಸಾಲಾಗಿ ಬರುತ್ತವೆ.

ಮೆಟ್ರಿಕ್ ಬರಲಾರದ ಜಾಗ

ಈಗ ಲೇಖನದ ಮುಖ್ಯ ಮಾತಿಗೆ ಬರೋಣ. ಮೆಟ್ರಿಕ್ ಅನ್ನು ಕೈಬಿಟ್ಟು ಸಪಾಟು ಕನೆಕ್ಷನ್ (ಸದಿಶ ಕ್ಷೇತ್ರಗಳನ್ನು ಅವಕಲಿಸುವ ನಿಯಮ) ಮಾತ್ರ ಇಟ್ಟುಕೊಂಡರೆ ಸಿಗುವುದು ಸಪಾಟು ಎಫ್‌-ಮ್ಯಾನಿಫೋಲ್ಡ್. ಮಾನಿನ್ 2005ರಲ್ಲಿ ಇದನ್ನು ವಿವರಿಸಿದರು. ಕನೆಕ್ಷನ್‌ಗೆ ಗುಣಾಕಾರದ λ ಪಾಲನ್ನು ಸೇರಿಸಿ, ಹೀಗೆ ಬಂದ ಕನೆಕ್ಷನ್ ಪ್ರತಿ λಗೂ ಸಪಾಟಾಗಿರಲಿ (ವಕ್ರತೆ ಸೊನ್ನೆಯಿರಲಿ), ಅದರ ಟಾರ್ಶನ್ (ತಿರುಚು) ಸೊನ್ನೆಯಿರಲಿ ಎಂದು ಕೇಳಿ. ವಕ್ರತೆ λದ ಎರಡನೇ ಘಾತದ ಬಹುಪದೋಕ್ತಿ. ಸ್ಥಿರಾಂಕ ಪದ ಸೊನ್ನೆಯಾದರೆ ಮೂಲ ಕನೆಕ್ಷನ್ ಸಪಾಟು. λ ಪದ ಸೊನ್ನೆಯಾದರೆ ಗುಣಾಕಾರದ ಅವಕಲನ ಸಮಮಿತಿಯದ್ದು. λ² ಪದ ಸೊನ್ನೆಯಾದರೆ ಸಹವರ್ತನೀಯತೆ. ಹರ್ಟ್ಲಿಂಗ್‌–ಮಾನಿನ್ ನಿಯಮವನ್ನು ಬೇರೆ ಕೇಳಬೇಕಿಲ್ಲ, ಎರಡನೆಯದರಿಂದಲೇ ಅದು ಹೊಮ್ಮುತ್ತದೆ. ವಿಭವ ಎಂಬ ಒಂದು ಫಲನದ ಜಾಗದಲ್ಲಿ ಈಗ ಸದಿಶ ವಿಭವ ಇರುತ್ತದೆ, ಅದರ ಎರಡನೆಯ ಅವಕಲನಗಳು ಗುಣಾಂಕಗಳು.

ಇಂಥವು ಎಲ್ಲಿ ಎದುರಾಗುತ್ತವೆ? ಅಂಚಿರುವ ಮೇಲ್ಮೈಗಳ ಎಣಿಕೆಯಲ್ಲಿ, ಅಂದರೆ ಓಪನ್ ಗ್ರೊಮೊವ್–ವಿಟ್ಟನ್ ಸಿದ್ಧಾಂತದಲ್ಲಿ. ಅಲ್ಲಿ ಹಳೆಯ ನಿರ್ದೇಶಾಂಕಗಳ ಜೊತೆಗೆ ಅಂಚಿನ ಬಿಂದುಗಳಿಗಾಗಿ ಇನ್ನೊಂದು ನಿರ್ದೇಶಾಂಕ ಸ ಸೇರುತ್ತದೆ. ಅತಿ ಚಿಕ್ಕ ಉದಾಹರಣೆಯಲ್ಲಿ ನಿರ್ದೇಶಾಂಕಗಳು ತ, ಸ ಎರಡೇ. ಸದಿಶ ವಿಭವದ ಘಟಕಗಳು ತ²/2 ಮತ್ತು ತಸ + ಸ³/6. ಎರಡು ಸಲ ಅವಕಲಿಸಿದರೆ ∂ತ ಅನನ್ಯತಾಂಶ, ∂ಸ∘∂ಸ = ಸ∂ಸ.

ಇದಕ್ಕೊಂದು ಹೊಂದುವ ಮೆಟ್ರಿಕ್ ಕಟ್ಟಲು ಪ್ರಯತ್ನಿಸಿ. ಹೊಂದಾಣಿಕೆ ಎಂದರೆ ಎರಡು ಸದಿಶಗಳ ಮೆಟ್ರಿಕ್ ಮೌಲ್ಯ ಅವುಗಳ ಗುಣಲಬ್ಧವನ್ನು ಮಾತ್ರ ಅವಲಂಬಿಸಿರಬೇಕು. ಈ ಸಪಾಟು ರಚನೆಯದೇ ಮೆಟ್ರಿಕ್ ಆಗಬೇಕೆಂದರೆ ತ, ಸ ನಿರ್ದೇಶಾಂಕಗಳಲ್ಲಿ ಅದರ ಘಟಕಗಳೆಲ್ಲ ಸ್ಥಿರಾಂಕಗಳಾಗಿರಬೇಕು. ∂ತ ಮತ್ತು ∂ಸಗಳ ನಡುವಿನ ಮೌಲ್ಯ ಕ ಎಂಬ ಸ್ಥಿರಾಂಕ ಆಗಿರಲಿ. ಆಗ ∂ಸ ಮತ್ತು ∂ಸಗಳ ನಡುವಿನ ಮೌಲ್ಯ ಸ·ಕ ಆಗಲೇಬೇಕು, ಯಾಕೆಂದರೆ ಗುಣಲಬ್ಧ ಸ∂ಸ. ಅದೂ ಸ್ಥಿರಾಂಕವಾಗಬೇಕಾದರೆ ಕ = 0. ಹಾಗಾದರೆ ∂ಸ ಎಲ್ಲದರೊಂದಿಗೂ ಸೊನ್ನೆ ಕೊಡುತ್ತದೆ, ಮೆಟ್ರಿಕ್ ಕುಸಿಯುತ್ತದೆ. ಇನ್ನೂ ಜಾಣತನದಿಂದ ಹುಡುಕಿದರೆ ಸಿಗಬಹುದು ಎಂಬಂಥದ್ದಲ್ಲ. ಅಂಥ ಮೆಟ್ರಿಕ್ ಇಲ್ಲ.

ಇಷ್ಟಕ್ಕೇ ನಿಂತರೆ ಅರ್ಧ ಸತ್ಯ. ಅದೇ ಗುಣಾಕಾರವನ್ನು ಬೇರೆ ನಿರ್ದೇಶಾಂಕಗಳಲ್ಲಿ ಬರೆಯಿರಿ: ತ₁ = ತ + ಸ²/4, ತ₂ = ಸ. ಆಗ ∂₂ = ∂ಸ − (ಸ/2)∂ತ. ಅದರ ವರ್ಗ ಸ∂ಸ − ಸ∂ಸ + (ಸ²/4)∂ತ, ಅಂದರೆ ∂₂∘∂₂ = (ತ₂²/4)∂₁. ಮೇಲಿನ ಪಟ್ಟಿಯ ಮ = 4 ಇದು! ಈ ಹೊಸ ನಿರ್ದೇಶಾಂಕಗಳನ್ನು ಸಪಾಟು ಎಂದು ಆರಿಸಿಕೊಂಡರೆ ಮೆಟ್ರಿಕ್ ಸಲೀಸಾಗಿ ಬರುತ್ತದೆ: ∂₁ ಮತ್ತು ∂₂ಗಳ ನಡುವೆ 1, ಉಳಿದೆಡೆ 0, ವಿಭವ ತ₁²ತ₂/2 + ತ₂⁵/240. ಮೂರು ಸಲ ಅವಕಲಿಸಿ ನೋಡಿ, 60/240 = 1/4.

ಅಂದರೆ ಎಫ್‌-ಮ್ಯಾನಿಫೋಲ್ಡ್ ಒಂದೇ. ಅದರ ಮೇಲೆ ಎರಡು ಸಪಾಟು ರಚನೆಗಳು ಕೂರುತ್ತವೆ. ಒಂದಕ್ಕೆ ಮೆಟ್ರಿಕ್ ಇದೆ, ಇನ್ನೊಂದಕ್ಕೆ ಇರಲಾರದು. ನಿರ್ದೇಶಾಂಕ ಬದಲಾವಣೆಯಲ್ಲಿರುವ ಸ²/4 ಎಂಬ ರೇಖೀಯವಲ್ಲದ ಪದವೇ ಇವೆರಡರ ನಡುವಿನ ಅಂತರ. ಅಂಚಿರುವ ಮೇಲ್ಮೈಗಳ ಎಣಿಕೆಗೆ ಬೇಕಾದದ್ದು ಮೆಟ್ರಿಕ್ ಇಲ್ಲದ ರಚನೆ. ಮೆಟ್ರಿಕ್ ಇಲ್ಲದ್ದು ಅಪೂರ್ಣ ಎಂದು ತಳ್ಳಿಹಾಕಿದರೆ ಇಲ್ಲಿ ಕಳೆದುಹೋಗುವುದು ಎಣಿಸಬೇಕಾದ ಸಂಖ್ಯೆಗಳೇ.

ಇದೇ ರಚನೆ ಹರಿವಿನ ಸಮೀಕರಣಗಳನ್ನೂ ಹುಟ್ಟಿಸುತ್ತದೆ. ತ, ಸಗಳು ಸ್ಥಾನ ಯ ಮತ್ತು ಕಾಲವನ್ನು ಅವಲಂಬಿಸಿದ ಫಲನಗಳು ಎಂದುಕೊಂಡು, ಕಾಲದ ಅವಕಲನ = ∂ಸ ∘ ಸ್ಥಾನದ ಅವಕಲನ ಎಂದು ಬರೆಯಿರಿ. ತ ಕಾಲದಲ್ಲಿ ಬದಲಾಗುವುದಿಲ್ಲ. ಸ ಬದಲಾಗುವ ವೇಗ, ತ ಎಂಬುದರ ಸ್ಥಾನ-ಅವಕಲನ ಮತ್ತು ಸ ಗುಣಿಸು ಸ ಎಂಬುದರ ಸ್ಥಾನ-ಅವಕಲನ, ಇವೆರಡರ ಮೊತ್ತ. ತ ಎಲ್ಲೆಡೆ ಒಂದೇ ಆಗಿದ್ದರೆ ಉಳಿಯುವುದು ಹಾಪ್ಫ್ ಸಮೀಕರಣ, ಅಲೆ ಮಗುಚುವುದನ್ನು ವಿವರಿಸುವ ಅತಿ ಸರಳ ಮಾದರಿ. ಆರಂಭದ ಅಲೆಯ ಗರಿಷ್ಠ ಇಳಿಜಾರು 2 ಆಗಿದ್ದರೆ ಕಾಲ 0.5ರಲ್ಲಿ ಅಲೆ ಮಗುಚುತ್ತದೆ. ಪಾವ್ಲೊ ಲೊರೆಂಜೋನಿ, ಅಲೆಸ್ಸಾಂಡ್ರೊ ಅರ್ಸಿ ಮತ್ತು ಸಂಗಡಿಗರು ಎಫ್‌-ಮ್ಯಾನಿಫೋಲ್ಡ್‌ಗಳನ್ನು ಬೆಳೆಸಿದ್ದು ಬಹುಮಟ್ಟಿಗೆ ಈ ಬಾಗಿಲಿನಿಂದ.

ಈಗ ಕೆಲಸ ಎಲ್ಲಿದೆ

ಸೆಮಿಸಿಂಪಲ್ ಫ್ರೊಬೇನಿಯಸ್ ಮ್ಯಾನಿಫೋಲ್ಡ್‌ಗಳ ಮಟ್ಟಿಗೆ ದೊಡ್ಡ ಪ್ರಶ್ನೆ ಬಗೆಹರಿದಿದೆ. ಅಲೆಕ್ಸಾಂಡರ್ ಗಿವೆಂಟಲ್ 2001ರಲ್ಲಿ ಸೂಚಿಸಿದ ಸೂತ್ರವನ್ನು ಕಾನ್‌ಸ್ಟಂಟಿನ್ ಟೆಲೆಮನ್ 2012ರಲ್ಲಿ ಪ್ರಕಟವಾದ ಪ್ರಮೇಯದಿಂದ ಭದ್ರಪಡಿಸಿದರು: ಯೂಲರ್ ಕ್ಷೇತ್ರ (ರಚನೆಯನ್ನು ಅನುಪಾತ ಕೆಡದಂತೆ ಹಿಗ್ಗಿಸುವ ಸದಿಶ ಕ್ಷೇತ್ರ) ಇದ್ದರೆ, ರಂಧ್ರವಿಲ್ಲದ ಮೇಲ್ಮೈಗಳ ಮಾಹಿತಿಯಿಂದ ಎಲ್ಲ ರಂಧ್ರಸಂಖ್ಯೆಗಳ, ಅಂದರೆ ಎಲ್ಲ ಜೀನಸ್‌ಗಳ ಮಾಹಿತಿಯೂ ನಿರ್ಧಾರವಾಗುತ್ತದೆ. ಮೆಟ್ರಿಕ್ ಇಲ್ಲದಾಗ? ಅರ್ಸಿ, ಅಲೆಕ್ಸಾಂಡರ್ ಬುರ್ಯಾಕ್, ಲೊರೆಂಜೋನಿ ಮತ್ತು ಪಾವ್ಲೊ ರೊಸ್ಸಿ ಗಿವೆಂಟಲ್ ಸಿದ್ಧಾಂತವನ್ನು ಸಪಾಟು ಎಫ್‌-ಮ್ಯಾನಿಫೋಲ್ಡ್‌ಗಳಿಗೆ ವಿಸ್ತರಿಸಿದರು. ಅಲ್ಲಿ ಸಿಗುವುದು ಒಂದೇ ಉತ್ತರವಲ್ಲ, ಒಂದು ಕುಟುಂಬ. ಮೂಲಬಿಂದುವಿನ ಬೀಜಗಣಿತದಿಂದ ಒಂದು ಸದಿಶವನ್ನು ಆರಿಸಿದರೆ ಕುಟುಂಬದ ಒಬ್ಬ ಸದಸ್ಯ ಸಿಗುತ್ತದೆ. ಮೆಟ್ರಿಕ್ ಇದ್ದಾಗ ಮರೆಯಾಗಿದ್ದ ಸ್ವಾತಂತ್ರ್ಯ ಇದು, ನನ್ನ ಮಟ್ಟಿಗೆ ಇಡೀ ಬೆಳವಣಿಗೆಯಲ್ಲಿ ಅತ್ಯಂತ ಕುತೂಹಲದ ಅಂಶ.

ಪೆನ್ಲವೆ ಸಮೀಕರಣಗಳ (ಆರು ಪ್ರಸಿದ್ಧ ಅರೇಖೀಯ ಅವಕಲ ಸಮೀಕರಣಗಳ) ಕಡೆಯಿಂದಲೂ ಇದೇ ಸಾಕ್ಷ್ಯ. ಮೂರು ಆಯಾಮದ ಸೆಮಿಸಿಂಪಲ್ ಫ್ರೊಬೇನಿಯಸ್ ಮ್ಯಾನಿಫೋಲ್ಡ್‌ಗಳು ಆರನೆಯ ಪೆನ್ಲವೆ ಸಮೀಕರಣದ ಒಂದೇ ಪ್ಯಾರಾಮೀಟರ್ ಇರುವ ಉಪಕುಟುಂಬಕ್ಕೆ ಹೊಂದುತ್ತವೆ. ಮೆಟ್ರಿಕ್ ಬಿಟ್ಟು ಎರಡು ಸಪಾಟು ಕನೆಕ್ಷನ್‌ಗಳನ್ನು ಇಟ್ಟುಕೊಂಡರೆ ನಾಲ್ಕೂ ಪ್ಯಾರಾಮೀಟರ್‌ಗಳ ಪೂರ್ತಿ ಕುಟುಂಬ ಸಿಗುತ್ತದೆ. ಸೆಮಿಸಿಂಪಲ್ ಷರತ್ತನ್ನೂ ಸಡಿಲಿಸಿ, ಯೂಲರ್ ಕ್ಷೇತ್ರದಿಂದ ಗುಣಿಸುವ ಕ್ರಿಯೆಗೆ ಗಾತ್ರ 2 ಮತ್ತು 1ರ ಜೋರ್ಡಾನ್ ತುಂಡುಗಳಿದ್ದರೆ (ಮ್ಯಾಟ್ರಿಕ್ಸ್ ಒಡೆಯುವ ಅತಿ ಸರಳ ಖಂಡಗಳು) ಐದನೆಯ ಪೆನ್ಲವೆ, ಗಾತ್ರ 3ರ ಒಂದೇ ತುಂಡಿದ್ದರೆ ನಾಲ್ಕನೆಯದು. ಕಠಿಣ ಭಾಗ ಉಳಿದಿರುವುದು ಎಲ್ಲೂ ಸೆಮಿಸಿಂಪಲ್ ಅಲ್ಲದ ರಚನೆಗಳಲ್ಲಿ. ಮೂರು ಆಯಾಮದ ಎಫ್‌-ಮ್ಯಾನಿಫೋಲ್ಡ್‌ಗಳ ವರ್ಗೀಕರಣವನ್ನು ಅಲೆಕ್ಸಿ ಬಸಲಾಯೆವ್ ಮತ್ತು ಹರ್ಟ್ಲಿಂಗ್ 2021ರಲ್ಲಿ ಕೈಗೆತ್ತಿಕೊಂಡರು; ಎರಡರಿಂದ ಮೂರಕ್ಕೆ ಏರಿದೊಡನೆ ಪಟ್ಟಿ ಎಷ್ಟು ಕವಲೊಡೆಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಲೆಕ್ಕ ಮಾಡುವವರು ಗಮನದಲ್ಲಿಡಬೇಕಾದ ಕೆಲವು ಸಂಗತಿಗಳು

ಹೊಸ ಗುಣಾಕಾರವೊಂದು ಕೈಗೆ ಬಂದರೆ ಪರೀಕ್ಷೆಯ ಕ್ರಮ ಮುಖ್ಯ. ಮೊದಲು ಅನನ್ಯತಾಂಶ ಹುಡುಕಿ, ಅದು ∂₁ ಆಗುವಂತೆ ನಿರ್ದೇಶಾಂಕ ಬದಲಿಸಿ. ಕೋಷ್ಟಕದಲ್ಲಿ ತ₁ ಇಣುಕುತ್ತಿದ್ದರೆ ಅಲ್ಲೇ ನಿಲ್ಲಿ, ಮುಂದಿನ ಲೆಕ್ಕ ವ್ಯರ್ಥ. ಸಹವರ್ತನೀಯತೆ ಎರಡನೆಯದು, ಪ್ವಾಸಾನ್ ಪರೀಕ್ಷೆ ಮೂರನೆಯದು. ಸಪಾಟು ಕನೆಕ್ಷನ್ ಪ್ರಶ್ನೆ ಅದಾದ ಮೇಲೆ, ಮೆಟ್ರಿಕ್ ಎಲ್ಲಕ್ಕೂ ಕೊನೆಗೆ. ತಲೆಕೆಳಗಾಗಿ ಹೊರಟವರು ಮೆಟ್ರಿಕ್ ಸಿಗಲಿಲ್ಲವೆಂದು ಒಳ್ಳೆಯ ರಚನೆಯನ್ನೇ ಬಿಟ್ಟುಬಿಡುತ್ತಾರೆ.

ಯೂಲರ್ ಕ್ಷೇತ್ರ ಬಳಸುವಾಗ ಎರಡು ಬೇರೆ ಬೇರೆ ಕೆಟ್ಟ ಗಣಗಳನ್ನು ಒಂದೇ ಎಂದುಕೊಳ್ಳುವ ಅಪಾಯವಿದೆ. ಘನ ಬಹುಪದೋಕ್ತಿಯ ಉದಾಹರಣೆಯಲ್ಲಿ ಯೂಲರ್ ಕ್ಷೇತ್ರ ತ₁∂₁ + ⅔ತ₂∂₂. ಇದರ ವಿಲೋಮದಿಂದ ಗುಣಿಸಿ ಡುಬ್ರೊವಿನ್ ಇನ್ನೊಂದು ಗುಣಾಕಾರ ಕಟ್ಟಿದರು: ಕ∘ಖಕ್ಕೆ ಆ ವಿಲೋಮವನ್ನು ಸೇರಿಸುವುದು. ವಿಲೋಮ ಇಲ್ಲವಾಗುವುದು ತ₁² + (4/9)ತ₂³ = 0 ಎಂಬ ವಕ್ರರೇಖೆಯ ಮೇಲೆ; ಅದು ಡಿಸ್ಕ್ರಿಮಿನಂಟ್. ಅಲ್ಲಿ ಮೂಲ ಗುಣಾಕಾರ ಮೂಲಬಿಂದುವೊಂದನ್ನು ಬಿಟ್ಟು ಎಲ್ಲೆಡೆ ಸೆಮಿಸಿಂಪಲ್ ಆಗಿಯೇ ಇರುತ್ತದೆ, ಕೈಕೊಡುವುದು ಎರಡನೆಯ ಗುಣಾಕಾರ. ಕಾಸ್ಟಿಕ್ ಆದ ತ₂ = 0 ಗೆರೆಯಲ್ಲಿ ತಿರುವುಮುರುವು: ತ₁ ಸೊನ್ನೆಯಲ್ಲದಿದ್ದರೆ ವಿಲೋಮಕ್ಕೆ ತೊಂದರೆಯಿಲ್ಲ, ಐಡೆಂಪೊಟೆಂಟ್‌ಗಳು ಮಾತ್ರ ಸ್ಫೋಟಿಸುತ್ತವೆ. ಎರಡೂ ಒಟ್ಟಿಗೆ ಕೆಡುವುದು ಮೂಲಬಿಂದುವಿನಲ್ಲಿ ಮಾತ್ರ. ಪ್ರೋಗ್ರಾಂ ಬರೆಯುವಾಗ ಡಿಸ್ಕ್ರಿಮಿನಂಟ್‌ಗೆ ಒಂದು, ಕಾಸ್ಟಿಕ್‌ಗೆ ಒಂದು, ಹೀಗೆ ಎರಡು ಪ್ರತ್ಯೇಕ ತಪಾಸಣೆಗಳನ್ನು ಇಡಬೇಕು. ಯೂಲರ್ ಕ್ರಿಯೆಯ ಡಿಟರ್ಮಿನಂಟ್ ಮೊದಲನೆಯದನ್ನು ಹಿಡಿಯುತ್ತದೆ, ಎರಡನೆಯದಕ್ಕೆ ಅದರ ಲಕ್ಷಣ ಬಹುಪದೋಕ್ತಿಗೆ ಮರುಕಳಿಸುವ ಮೂಲವಿದೆಯೇ ಎಂದು ನೋಡಬೇಕು.